ಮಾವನ ನಾಲ್ಕು ಬೆರಳು ಜಾಗ

ಫೆಬ್ರವರಿ 11, ಮಂಗಳವಾರ

ಏರ್‌ಪೋರ್ಟಿನಲ್ಲಿ ಮತ್ತೆ ಗಿರಾಕಿಗಳ ಹೆಸರಿನ ಬೋರ್ಡ್ ಹಿಡಿದು ನಿಂತದ್ದು. ಮಳೆ. ಬಾಲಿಯ ವಿಮಾನ ತಡ. ಇಳಿದವರು ಸುರಬಾಯದ ಗಂಡ-ಹೆಂಡತಿ, ಇಬ್ಬರಿಗೂ ಹೊಸ ಟೋಪಿ. ಕೊಮೊಡೊ ಹಲ್ಲಿ ನೋಡಲು ಬಂದವರು ಅಂದುಕೊಂಡೆ. ಕಾರು ಗೇಟು ದಾಟುವ ಮೊದಲೇ ಕೇಳಿದರು — ಗುಡ್ಡದ ಮೇಲಿನ ಜಾಗಕ್ಕೆ ಈಗ ಏನು ರೇಟು ನಡೀತಿದೆ? ದೋಣಿಯಲ್ಲಿ ಗೈಡ್ ಆಗಿದ್ದಾಗ ಜನ ಹಲ್ಲಿ ಎಷ್ಟು ಉದ್ದ ಅಂತ ಕೇಳುತ್ತಿದ್ದರು. ಈಗ ಸಮುದ್ರ ಕಾಣುತ್ತಾ, ರಸ್ತೆ ಬರುತ್ತಾ, ಏರ್‌ಪೋರ್ಟಿಗೆ ಎಷ್ಟು ಹೊತ್ತು... ಉತ್ತರವೆಲ್ಲ ಬಾಯಿಪಾಠ.

ನಿಲ್ದಾಣದ ಹೊರಗಿನ ಕಾಫಿ ಅಂಗಡಿಯಲ್ಲಿ ಫಾನಿ. ಬ್ಲಾಸಿಯಸ್ ಮಾವನ ಮಗಳು. ಸೋದರಮಾವನ ಮಗಳನ್ನು ಬಿಟ್ಟು ರುತೆಂಗಿನಿಂದ ಮೆಲಾನಿಯನ್ನು ಕಟ್ಟಿಕೊಂಡು ಬಂದೆನೆಂದು ಇವತ್ತಿಗೂ ಕಾಲೆಳೆಯುತ್ತಾಳೆ. "ಏನ್ ಭಾವ, ದಿನಾ ಬೇರೆಯವ್ರ ಹೆಸ್ರು ಹಿಡ್ಕೊಂಡು ನಿಲ್ತೀಯ, ನಿನ್ನ ಹೆಸ್ರು ನೆನಪಿದ್ಯಾ?" ಗಂಡ ಸಿಗದಿದ್ದರೂ ಇಂಗ್ಲಿಷ್ ಸಿಕ್ಕಿತು ಅಂತ ತನ್ನನ್ನೂ ಆಡಿಕೊಳ್ಳುತ್ತಾಳೆ. ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸಂಜೆ ಜಾಗ ಮಾರುವ ನಮ್ಮ ಆಫೀಸಿನಲ್ಲಿ ಬಾಸ್ ಸುಗೆಂಗ್ ಕೇಕ್ ಕತ್ತರಿಸಿದರು. ಮಂಗಳವಾರ ಮಾತ್ರ ಬರುತ್ತಿದ್ದ ಸಿಂಗಪುರದ ನೇರ ವಿಮಾನ ಮುಂದಿನ ತಿಂಗಳಿಂದ ಶುಕ್ರವಾರವೂ ಬರುತ್ತದೆ. ವೀಕೆಂಡಿಗೆ ಬರುವವರಿಗೆ ಇನ್ನು ಬಾಲಿಯಲ್ಲಿ ಇಳಿದು, ಅರ್ಧ ದಿನ ಕಾದು, ಇನ್ನೊಂದು ಹತ್ತುವ ತಾಪತ್ರಯ ಇಲ್ಲ. ಆಫೀಸಿನಿಂದ ಸ್ವಲ್ಪ ಬೇಗ ಎದ್ದರೆ ಸೂರ್ಯ ಮುಳುಗುವಾಗ ಇಲ್ಲಿ. ಇಲ್ಲಿಯವರೆಗೆ ಜನ ಜೀವನದಲ್ಲಿ ಒಂದು ಸಲ ಬಂದು ಹೋಗುವ ಊರಾಗಿತ್ತಂತೆ, ಇನ್ನು ಮೇಲೆ ತಿಂಗಳಿಗೊಮ್ಮೆ ಬರುವ ಊರು. ತಿಂಗಳಿಗೊಮ್ಮೆ ಬರುವವನಿಗೆ ಹೋಟೆಲ್ ಸಾಲದು, ಮನೆ ಬೇಕು. "ನಮ್ಮ ಕಾಲ ಬಂತು ದೆನ್ಸಿ" ಅಂತ ನನ್ನ ಬೆನ್ನು ತಟ್ಟಿದರು. ಕೇಕ್ ಚೆನ್ನಾಗಿತ್ತು. ಮಗಳಿಗೆ ಒಂದು ತುಂಡು ಕಟ್ಟಿಕೊಂಡು ಬಂದೆ.

ಫೆಬ್ರವರಿ 14

ಗುಡ್ಡದ ಬೆಲೆ ದಿನಕ್ಕೊಂದು. ಮೆಲಾನಿ ಪಾಠ ಮಾಡುವ ಶಾಲೆಯ ಪಕ್ಕದ ತೋಟದವನು ತೋಟ ಮಾರಿ ಕಾರು ತೆಗೆದುಕೊಂಡ. ನಿಲ್ಲಿಸಲು ಜಾಗವಿಲ್ಲದೆ ರಸ್ತೆಯಲ್ಲಿ ನಿಲ್ಲಿಸುತ್ತಾನೆ. ನಮ್ಮ ಬಾಡಿಗೆ ಮನೆಗೆ ನೀರಿಲ್ಲ. ಟ್ಯಾಂಕರೆಲ್ಲ ಹೋಟೆಲುಗಳ ಪಾಲು.

ಬಾಸ್ ಕರೆದರು. ಗೋಡೆಯ ನಕ್ಷೆಯಲ್ಲಿ ವಾಎ ರಾಕಾ ಹಟ್ಟಿಯ ಪಡುವಣ ಇಳಿಜಾರಿಗೆ ಕೆಂಪು ಪಿನ್. ಅಮ್ಮನ ತವರು. ಸಿಂಗಪುರದ ಡೆಸ್ಮಂಡ್ ಕೋ ಅನ್ನುವವರು ಡ್ರೋನ್ ಚಿತ್ರ ನೋಡಿ ಅದೇ ಬೇಕು ಅಂದಿದ್ದಾರೆ. ಎದುರಿಗೆ ಬರೀ ದ್ವೀಪ, ಏರ್‌ಪೋರ್ಟು ಹತ್ತಿರ. ಆದರೆ ಅಲ್ಲಿ ನೆಲ ಹಂಚುವ ಯಜಮಾನರು ಬ್ರೋಕರುಗಳನ್ನು ಹಟ್ಟಿಯೊಳಗೇ ಬಿಡುವುದಿಲ್ಲ. ಯಜಮಾನರು ಅಂದರೆ ಬ್ಲಾಸಿಯಸ್ ಮಾವ. ಎಷ್ಟಾದರೆ ಮಾರುತ್ತಾರೆ ಅಂತ ಬಾಸ್ ನನ್ನನ್ನು ಕೇಳಿದರು.

"ಮಾರಲ್ಲ ಸಾರ್. ಆದ್ರೆ ಹುಂಜ, ಕಳ್ಳು ತಗೊಂಡು ಹೋಗಿ ಕೇಳಿದ್ರೆ ಸುಮ್ನೇ ಕೊಡ್ತಾರೆ. ಇಲ್ಲೇ ಇರ್ತೀನಿ ಅಂತ ಹೇಳ್ಬೇಕು, ಅಷ್ಟೆ."

ನಾನೇ ಹೇಳಿದ್ದು. ಯಾರೂ ಬಾಯಿ ಬಿಡಿಸಲಿಲ್ಲ. ಬಾಸ್ ಜಾವಾದವರು, ಅವರಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. "ಹಾಗಾದ್ರೆ ನೀನೇ ಹೋಗಿ ಕೇಳು. ನೀನು ಅಲ್ಲೇ ಇರ್ತೀಯಪ್ಪ. ಯಾರು ಬೇಡ ಅಂದ್ರು?"

ಜಾಣ ಅನ್ನಿಸಿಕೊಳ್ಳಬೇಕಿತ್ತು, ಅದಕ್ಕೇ ಬಾಯಿಬಿಟ್ಟದ್ದು. ಇನ್ನೇನೂ ಕಾರಣ ಇಲ್ಲ.

ಫೆಬ್ರವರಿ 23, ಭಾನುವಾರ, ಸಂಜೆ

ಕೇಳಿ ಬಂದೆ.

ಬಿಳಿ ಹುಂಜ. ಕಳ್ಳಿನ ಬುರುಡೆ. ಮೆಲಾನಿ, ಮಗಳು ಜೊತೆಗೆ. ದೊಡ್ಡಮನೆಯಲ್ಲಿ ಚಾಪೆ ಹಾಸಿದ್ದರು, ಹಿರಿಯರೆಲ್ಲ ಬಂದು ಕೂತಿದ್ದರು. ಹುಂಜವನ್ನು ಕಂಕುಳಲ್ಲಿ ಹಿಡಿದು ಹೇಳಬೇಕಾದ್ದು ಹೇಳಿದೆ: ತಲೆಯ ಮೇಲೆ ಸೂರು, ಬೆಂಕಿಗೆ ಒಲೆ, ಸತ್ತರೆ ಮಣ್ಣು, ಈ ಮೂರು ಕೇಳಲು ಬಂದಿದ್ದೇನೆ. ತೊದಲುತ್ತೇನೆ ಅಂದುಕೊಂಡಿದ್ದೆ. ತೊದಲಲಿಲ್ಲ. ಗಿರಾಕಿಗಳ ಮುಂದೆ ಬರುವ ದನಿಯೇ ಬಂತು.

ಮಾವ ಹುಂಜವನ್ನು ಎತ್ತಿಕೊಂಡು ರೆಕ್ಕೆ ಸವರಿದರು. ಕಣ್ಣಲ್ಲಿ ನೀರು. "ಅಕ್ಕ ಈ ಬಾಗ್ಲು ದಾಟಿ ಹೋದಾಗ ನಾನು ಸಣ್ಣವ್ನು. ಅವಳ ಹಿಂದೆ ಹಳ್ಳದ ತನಕ ಓಡಿದ್ದೆ. ಈಗ ಅವಳೇ ವಾಪಸ್ ಬಂದಂಗಾಯ್ತು ಅಳಿಯ."

ಅಮ್ಮ ಸತ್ತು ಏಳು ವರ್ಷ. ಅವಳ ಹೆಸರು ಬರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಜೇಡರ ಬಲೆಯ ಹಾಗೆ ಹಂಚಿದ ಹಳೇ ಹೊಲದ ನಡುಗಂಬಕ್ಕೆ ಕರೆದುಕೊಂಡು ಹೋದರು. ಕಂಬದ ಮೇಲೆ ಬೆರಳು ಜೋಡಿಸಿ ಅಳೆದರು. ಹೊಸದಾಗಿ ಬಂದವರಿಗೆ ಎರಡು ಬೆರಳು. ನನಗೆ ನಾಲ್ಕು. ನಡುಗಂಬದಲ್ಲಿ ನಾಲ್ಕು ಬೆರಳು ಅಂದರೆ ಗೆರೆ ಅಗಲವಾಗುತ್ತಾ ಹೋಗಿ ಅಂಚಿಗೆ ಬರುವಾಗ ಇಡೀ ಇಳಿಜಾರು. ಕೆಂಪು ಪಿನ್ ಚುಚ್ಚಿದ್ದಷ್ಟೂ ಒಳಗೆ ಬಂತು. ಯಾರೂ ಬೆಲೆಯ ಮಾತೆತ್ತಲಿಲ್ಲ. ಎತ್ತುವುದೂ ಇಲ್ಲ.

ವಾಪಸು ಬರುವಾಗ ಬೈಕಿನ ಮೇಲೆ ಮೆಲಾನಿ ಅಡಿಗೆಮನೆ ಯಾವ ಕಡೆ ಅಂತ ಕೇಳಿದಳು. ಗಾಳಿ ಬರುವ ಕಡೆ ಅಂದೆ. ಬೆನ್ನಿಗೆ ಒರಗಿಕೊಂಡು ಕೂತಳು.

ಫೆಬ್ರವರಿ 24

ಕೆಳಗಿನ ಭಾಗ ಡೆಸ್ಮಂಡ್‌ಗೆ ಕೊಟ್ಟು, ಮೇಲೆ ಒಂದು ಮೂಲೆ ನಮಗೆ ಇಟ್ಟುಕೊಂಡರೆ? ಮನೆಯೂ ಆಯಿತು, ಕೆಲಸವೂ ಉಳಿಯಿತು. ಸುಳ್ಳೂ ಪೂರ್ತಿ ಸುಳ್ಳಾಗುವುದಿಲ್ಲ. ಬಾಸ್ ಹತ್ತಿರ ಹೇಳಿದೆ. ಮೇಲಿನ ಮೂಲೆಯಿಂದಲೇ ಸೂರ್ಯಾಸ್ತ ಕಾಣುವುದು ಅಂದರು.

ಮಾರ್ಚ್ 20

ಜಾಗದ ಪತ್ರ ನನ್ನ ಹೆಸರಿಗೆ ಬಂತು. ಮಾವ ಓದದೆ ರುಜು ಹಾಕಿದರು. "ನೀನು ಓದಿದೀಯಲ್ಲ, ಸಾಕು" ಅಂದರು.

ಅದೇ ವಾರ ಇನ್ನೊಂದು ರುಜು, ಅದು ನನ್ನದು. ಡೆಸ್ಮಂಡ್‌ಗೆ ಮೂವತ್ತು ವರ್ಷದ ಲೀಸ್. ಇಡೀ ಇಳಿಜಾರು, ಮೇಲಿನ ಮೂಲೆಯೂ ಸೇರಿ. ಮಾರಿದ್ದಲ್ಲ, ಲೀಸ್ ಮಾತ್ರ, ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಮೂವತ್ತು ವರ್ಷಕ್ಕೆ ಮಾವ ಇರುವುದಿಲ್ಲ. ನಾನು ಮುದುಕ.

ಮೆಲಾನಿಗೆ ಹೇಳಿಲ್ಲ. ಬೋನಸ್ ಬಂತು ಅಂದೆ. ಮಗಳಿಗೆ ಸೈಕಲ್.

ಏಪ್ರಿಲ್ 29

ಸಿಂಗಪುರದಲ್ಲಿ ಜಾಗ ಮಾರುವವರ ಎಕ್ಸ್‌ಪೋ ಮುಗಿಸಿ ಬಂದೆ. ನೇರ ವಿಮಾನದಲ್ಲೇ. ಒಂದು ಸಿನಿಮಾ ಮುಗಿಯುವಷ್ಟರಲ್ಲಿ ದ್ವೀಪಗಳು ಕೆಳಗೆ. ಪಕ್ಕದ ಸೀಟಿನವನು ನಮ್ಮದೇ ಬ್ರೋಷರ್ ಓದುತ್ತಿದ್ದ. ಅರ್ಧ ಸೀಟು ಖಾಲಿ. ಸೀಸನ್ ಅಲ್ಲವಲ್ಲ ಅಂದುಕೊಂಡೆ.

ಫೋನ್ ಆನ್ ಮಾಡಿದರೆ ಮಾವ. "ಅಳಿಯ, ನಿನ್ನ ಮನೆಗೆ ಕಂಬ ನೆಟ್ವಿ. ಮಳೆ ನಿಂತ್ಕಂತು, ಇನ್ನು ಕಾಯೋದು ಬ್ಯಾಡ ಅಂದ್ರು ಹುಡುಗ್ರು. ನೀನು ಬಂದ್ಮೇಲೆ ಗೋಡೆ."

ಮರೆತೇ ಹೋಗಿತ್ತು. ಜಾಗ ಕೇಳಿ ಬಂದವನಿಗೆ ಮಳೆ ನಿಂತ ಮೇಲೆ ಹಟ್ಟಿಯೇ ಮನೆ ಎತ್ತಿಕೊಡುತ್ತದೆ. ಚಿಕ್ಕವನಿದ್ದಾಗ ನಾನೂ ಬಿದಿರು ಹೊತ್ತಿದ್ದೇನೆ. ಹುಂಜ, ಕಳ್ಳು, ಹೇಳಬೇಕಾದ ಮಾತು ಎಲ್ಲ ನೆನಪಿತ್ತು. ಇದೊಂದು ಮಾತ್ರ ನೆನಪಿರಲಿಲ್ಲ. ಬೇಕಾದ್ದಷ್ಟೇ ನೆನಪಿಟ್ಟುಕೊಂಡವನು.

ಲಗೇಜ್ ಬೆಲ್ಟ್ ಹತ್ತಿರವೇ ನಿಂತುಬಿಟ್ಟೆ. ಸೂಟ್‌ಕೇಸ್ ಬಂದು ಬಂದು ಹೋಗುತ್ತಿತ್ತು.

ಮೇ 4, ಭಾನುವಾರ

ನಿಲ್ಲಿಸಿ ಅಂತ ಹೇಳಲು ಹೋದೆ. ಹೇಳಲಿಲ್ಲ. ಹಲಗೆ ಹೊತ್ತೆ.

ಇಪ್ಪತ್ತು ಜನ ಇದ್ದರೇನೋ. ಪೂಜೆ ಮುಗಿಸಿ ಚರ್ಚಿನ ಬಟ್ಟೆಯಲ್ಲೇ ಬಂದವರು. ಸೂರಿಗೆ ಹೊಸ ತಗಡು. ಎಲ್ಲಿಂದ ಬಂತು ಅಂತ ಕೇಳಿದೆ. ಚರ್ಚಿನ ಅಡಿಗೆಮನೆಗೆ ಅಂತ ಇಟ್ಟದ್ದಂತೆ. ಚರ್ಚು ಇನ್ನೊಂದು ವರ್ಷ ತಡೆಯುತ್ತದೆ, ಮಗು ಇರುವವರಿಗೆ ಮೊದಲು ಅಂದರು. ಕೈ ಬೊಬ್ಬೆ ಬಂದದ್ದು ನೋಡಿ ನಕ್ಕರು, ಪೆನ್ನು ಹಿಡಿಯೋ ಕೈಗೆ ಸುತ್ತಿಗೆ ಕೊಟ್ಟವರು ಯಾರು ಅಂತ. ನಾನೂ ನಕ್ಕೆ. ಹೆಂಗಸರು ಮೆಲಾನಿಯನ್ನು ಒಲೆ ಹಾಕುವ ಜಾಗಕ್ಕೆ ಕರೆದುಕೊಂಡು ಹೋದರು. ಗಾಳಿ ಬರುವ ಕಡೆಯೇ ಹಾಕುತ್ತಿದ್ದಾರೆ. ಅವಳೇ ಹೇಳಿದ್ದಿರಬೇಕು.

ಡೆಸ್ಮಂಡ್ ವರ್ಷದ ಕೊನೆಗೆ ಬರುವುದಾಗಿ ಹೇಳಿದ್ದಾರೆ. ಅಷ್ಟರಲ್ಲಿ ಏನಾದರೂ... ಏನು? ಗೊತ್ತಿಲ್ಲ. ನನ್ನಂಥ ಹೇಡಿಯನ್ನು ನಾನೇ ನೋಡಿಲ್ಲ.

ಜೂನ್ 6, ಶುಕ್ರವಾರ

ಡೆಸ್ಮಂಡ್ ಹೆಂಡತಿಯೊಂದಿಗೆ ಬಂದಿಳಿದರು. ಮೆಸೇಜು ಬಂದದ್ದು ಬೆಳಿಗ್ಗೆ. ಹೇಗೂ ನೇರ ವಿಮಾನ, ವೀಕೆಂಡ್ ಖಾಲಿ, ಜಾಗ ನೋಡಿಕೊಂಡು ಹೋಗೋಣ ಅಂತ. ಇದನ್ನೇ ನಾನು ಎಕ್ಸ್‌ಪೋದಲ್ಲಿ ನೂರು ಜನರಿಗೆ ಹೇಳಿ ಮಾರಿದ್ದು — ಮನಸ್ಸಾದರೆ ಹೊರಟು ಬರಬಹುದು. ಬಂದರು. ಬೋರ್ಡ್ ಹಿಡಿದು ನಿಂತಿದ್ದೆ.

ಮಾವನಿಗೆ ಫೋನ್ ಮಾಡಿ ನಾಳೆ ಪೇಟೆಗೆ ಬನ್ನಿ, ಬಾಗಿಲ ಚಿಲಕ ಆರಿಸೋಣ ಅಂದೆ. ಮನೆ ಕಾಯುವವರು ಯಾರು, ಮೇಕೆ ನುಗ್ಗುತ್ತವೆ ಅಂದರು.

ಜೂನ್ 7

ಬರೆಯಲೇಬೇಕು. ಬರೆಯದಿದ್ದರೆ ಆಗಲೇ ಇಲ್ಲವೆನ್ನುವಂತೆ ಇದ್ದುಬಿಡುತ್ತೇನೆ.

ಕಾರು ಇಳಿದರೆ ಮನೆ ಎದುರಿಗೇ. ಗೋಡೆ, ಸೂರು, ಜಗಲಿ. ಜಗಲಿಯ ಮೇಲೆ ಮಾವ. ರಜೆ ಅಂತ ಫಾನಿಯೂ ಬಂದು ನೆಲ ಸಾರಿಸುತ್ತಿದ್ದಳು. ಡೆಸ್ಮಂಡ್ ಕೂಲಿಂಗ್ ಗ್ಲಾಸ್ ತೆಗೆದು ಇದೇನು ಅಂದರು. ಒಪ್ಪಂದದಲ್ಲಿ ಖಾಲಿ ಜಾಗ ಅಂತಿತ್ತಲ್ಲ, ಈ ಮುದುಕರು ಯಾರು?

ಕೆಲಸದವರ ಶೆಡ್ಡು ಅಂದೆ. ಈ ಮುದುಕ ಕಾವಲಿಗೆ ಇಟ್ಟ ಆಳು ಅಂದೆ.

ಇಂಗ್ಲಿಷಿನಲ್ಲಿ. ಬಾಯಿ ತಡವರಿಸಲೇ ಇಲ್ಲ. ಮಾವ ನನ್ನ ಮುಖ ನೋಡಿ ನಗುತ್ತಿದ್ದರು, ನಾನು ಅವರ ಪರಿಚಯ ಮಾಡಿಕೊಡುತ್ತಿದ್ದೇನೆ ಅಂತ. ಎದ್ದು ಬಂದು ಡೆಸ್ಮಂಡ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಹೆಂಡತಿಗೆ ಚಾಪೆ ಕೊಡವಿ ಹಾಸಿದರು. ಬೇಯಿಸಿದ ಮರಗೆಣಸು, ಕಾಫಿ. ಆಯಮ್ಮ ಎಷ್ಟು ಒಳ್ಳೆಯ ಜನ ಅಂದರು. ಡೆಸ್ಮಂಡ್ ಇಳಿಜಾರಿನ ಮೇಲೆ ಹೆಜ್ಜೆ ಹಾಕಿ ಹಾಕಿ ಅಳೆದು ಈಜುಕೊಳ ಎಲ್ಲಿ ಅಂತ ಲೆಕ್ಕ ಮಾಡಿದರು. ಈ ಶೆಡ್ಡು ಇರಲಿ, ಕೆಡವಬೇಕಾದಾಗ ಕೆಡವೋಣ, ಫೋಟೋಗೆ ಚೆನ್ನಾಗಿದೆ ಅಂದರು. ಹೊರಡುವಾಗ ಒಂದು ನೋಟು ಮಡಿಸಿ ಮಾವನ ಕೈಗಿಟ್ಟರು.

ಮಾವ ನೋಟು ನೋಡಿದರು, ನನ್ನ ಕಡೆ ತಿರುಗಿದರು. "ಯಾಕಂತೆ ಇದು?"

"ಹೊಸ ಮನೆಗೆ ಉಡುಗೊರೆಯಂತೆ ಮಾವ."

ತಲೆಬಾಗಿ ತೆಗೆದುಕೊಂಡರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದಿತ್ತೇ. ಅಮ್ಮನ ತಮ್ಮ. ಹಳ್ಳದ ತನಕ ಅವಳ ಹಿಂದೆ ಓಡಿದವನು. ಅವನನ್ನು ಅವನದೇ ನೆಲದಲ್ಲಿ ಆಳು ಮಾಡಿ ಟಿಪ್ಸ್ ಕೊಡಿಸಿದೆ.

ಫಾನಿ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿತ್ತು, ಎಲ್ಲ ಅರ್ಥವಾಗಿತ್ತು. ಕಾರಿನ ತನಕ ಬಂದಳು. ಭಾವ ಅನ್ನಲಿಲ್ಲ. "ಶೆಡ್ಡು ಅಂದ್ರೆ ಏನು ಅಂತ ಅಪ್ಪ ಕೇಳಿದ್ರೆ ಏನ್ ಹೇಳ್ಲಿ? ನೀನೇ ಹೇಳ್ಕೊಡು, ನಿನ್ನ ಇಂಗ್ಲಿಷ್ ನಂಗಿಂತ ಚೆನ್ನಾಗಿದೆ."

ಡೆಸ್ಮಂಡ್ ಕಾರಿನಲ್ಲಿ ಕಾಯುತ್ತಿದ್ದರು.

ಜೂನ್ 19

ವಿಮಾನ ನಿಲ್ದಾಣದಲ್ಲಿ ಫಾನಿ ಕಾಫಿ ಕೊಟ್ಟಳು. ದುಡ್ಡು ತೆಗೆದುಕೊಂಡಳು. ಚಿಲ್ಲರೆ ಎಣಿಸಿ ಕೈಗಿಟ್ಟಳು, ಗಿರಾಕಿಗೆ ಇಟ್ಟ ಹಾಗೆ.

ಜುಲೈ 15

ಸಿಂಗಪುರದ ನೇರ ವಿಮಾನ ನಿಂತಿತು. ಸೀಟು ತುಂಬುತ್ತಿಲ್ಲವಂತೆ. ಸದ್ಯಕ್ಕೆ ಅಂದಿದ್ದಾರೆ, ಯಾವಾಗ ಶುರು ಅಂತ ಹೇಳಿಲ್ಲ. ಆಫೀಸಿನಲ್ಲಿ ಫೋನಿನ ಮೇಲೆ ಫೋನು. ಮತ್ತೆ ಬಾಲಿಯಲ್ಲಿ ಇಳಿದು, ಕಾದು, ಹತ್ತಿ ಬರಬೇಕಾದರೆ ವೀಕೆಂಡ್ ಮನೆ ಯಾರಿಗೆ ಬೇಕು? ಮುಂಗಡ ಕೊಟ್ಟವರು ಜಗಳಕ್ಕೆ. ಅರ್ಧ ಕಟ್ಟಿದ ವಿಲ್ಲಾಗಳಲ್ಲಿ ಕೆಲಸಗಾರರನ್ನು ಕಳಿಸಿಬಿಟ್ಟರು, ಕಬ್ಬಿಣದ ಸರಳು ಹಾಗೇ ನಿಂತಿವೆ. ಆಸ್ಟ್ರೇಲಿಯಾದಿಂದ ಹೊಸ ಮಾರ್ಗ ಬರುತ್ತದೆ ಅಂತ ಬಾಸ್ ಎಲ್ಲರಿಗೂ ಹೇಳುತ್ತಿದ್ದಾರೆ. ಅವರಿಗೇ ನಂಬಿಕೆ ಇದ್ದಂತಿಲ್ಲ. ತೋಟ ಮಾರಿದವನು ಈಗ ಕಾರಿಗೂ ಗಿರಾಕಿ ಹುಡುಕುತ್ತಿದ್ದಾನೆ.

ಸಂಜೆ ಡೆಸ್ಮಂಡ್ ಮೆಸೇಜು: ಕಟ್ಟುವುದು ಸದ್ಯಕ್ಕಿಲ್ಲ. ಜಾಗ ಹಾಗೇ ಇರಲಿ, ಲೀಸ್ ಇದೆಯಲ್ಲ. ನಿಮ್ಮ ಕಾವಲಿನವನು ಶೆಡ್ಡಿನಲ್ಲೇ ಇರಲಿ, ಬೇಲಿಯ ಖರ್ಚು ಉಳಿಯಿತು.

ಖುಷಿಯಾಯಿತು. ನಾಚಿಕೆಯಿಲ್ಲದೆ ಖುಷಿಯಾಯಿತು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಮನೆ ಇದೆ. ಹೋಗಿ ಇದ್ದುಬಿಟ್ಟರೆ ಆಡಿದ ಮಾತೂ ಉಳಿಯಿತು. ವಿಮಾನ ಮತ್ತೆ ಬರುವುದು ಯಾವ ಕಾಲಕ್ಕೋ.

ಆಗಸ್ಟ್ 2

ಗೃಹಪ್ರವೇಶ ಮುಂದಿನ ಶನಿವಾರ ಅಂತ ಮಾವ ಗೊತ್ತು ಮಾಡಿದ್ದಾರೆ. ಬಾಡಿಗೆ ಮನೆಯವರಿಗೆ ಮೆಲಾನಿ ಆಗಲೇ ಹೇಳಿಬಿಟ್ಟಳು. ಕಿಟಕಿಗೆ ಹಳದಿ ಬಟ್ಟೆ ತಂದು ಪರದೆ ಹೊಲಿಯುತ್ತಿದ್ದಾಳೆ. ಅಲ್ಲಿಂದ ಶಾಲೆಗೆ ದೂರ, ಬಸ್ಸಿಲ್ಲ. ಏನೂ ಗೊಣಗಲಿಲ್ಲ. ನಮ್ಮ ಮನೆ ಅನ್ನುತ್ತಾಳೆ, ಎರಡು ಮಾತಿಗೊಂದು ಸಲ.

ಫಾನಿಗೆ ಫೋನ್ ಮಾಡಿದೆ. ಹೇಳಿದ್ದೀಯಾ ಅಂತ ಕೇಳಲು. ಕೇಳುವ ಮೊದಲೇ ಉತ್ತರ ಕೊಟ್ಟಳು. "ನಾನು ಹೇಳಿಲ್ಲ, ಹೇಳೋದೂ ಇಲ್ಲ. ನಿನ್ನ ಹೊಲಸು ನಾನ್ಯಾಕೆ ಬಾಯಲ್ಲಿ ಹಾಕ್ಕೊಳ್ಲಿ."

ಆಗಸ್ಟ್ 9, ಶನಿವಾರ

ಹೊಸ ಮನೆಯಲ್ಲಿ ಬರೆಯುತ್ತಿದ್ದೇನೆ. ಮೆಲಾನಿ, ಮಗಳು ಮಲಗಿದ್ದಾರೆ. ಹೊರಗೆ ಇನ್ನೂ ಹಾಡು ನಿಂತಿಲ್ಲ.

ಸೂರ್ಯ ಇಳಿಯುವಾಗ ಶುರುವಾಯಿತು. ಜಗಲಿ ತುಂಬ ಜನ. ನಡುವೆ ಮಾವ, ಅವರ ಎದುರು ನಾನು, ನನ್ನ ಹಿಂದೆ ಮೆಲಾನಿ. ಮಾವ ಹುಂಜ ಹಿಡಿದು ಹಿರಿಯರನ್ನು ಹೆಸರು ಹೆಸರಾಗಿ ಕರೆದರು. ಅಜ್ಜ, ಮುತ್ತಜ್ಜ, ಕೊನೆಗೆ ಅಮ್ಮ. ನಿಮ್ಮ ಕೂಸು ಬೇರೂರಲು ಬಂದಿದೆ, ಇವನ ಮಾತು ನೇರ ಇದ್ದರೆ ನರ ನೇರ ತೋರಿಸಿ ಅಂದರು. ಹುಂಜ ಕೊಯ್ದರು. ಹೊಟ್ಟೆ ಸೀಳಿ ಕರುಳು ಬಿಡಿಸಿ ಅಂಗೈಯಲ್ಲಿ ಹಿಡಿದರು.

ಕರುಳಿನ ಮೇಲಿನ ನರ ನೆಟ್ಟಗಿದ್ದರೆ ಹಿರಿಯರು ಒಪ್ಪಿದರು ಅಂತ. ಡೊಂಕಿದ್ದರೆ, ಕಪ್ಪಿದ್ದರೆ, ಕೂತವನು ಏನೋ ಮುಚ್ಚಿಟ್ಟಿದ್ದಾನೆ. ನೋಡುವ ಹಕ್ಕು ಯಜಮಾನನದು. ಬೇರೆಯವರಿಗೆ ಅಷ್ಟು ದೂರದಿಂದ ಕಾಣುವುದಿಲ್ಲ. ನಾನು ಎದುರಿಗೇ ಇದ್ದೆ. ಅಜ್ಜ ಬದುಕಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಈ ನರ ಓದುವುದು ಕಲಿಸಿದ್ದರು.

ಡೊಂಕು. ಗಾಳದ ಮುಳ್ಳಿನಷ್ಟು ಡೊಂಕು. ಮಧ್ಯದಲ್ಲಿ ಕಪ್ಪು.

ಇದನ್ನೆಲ್ಲ ನಂಬುತ್ತೇನಾ? ಪೇಟೆಯಲ್ಲಿ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇನೆ. ಅಲ್ಲಿ ಕೂತಾಗ, ಸರಿ, ಮುಗಿಯಿತು, ಮಾವ ಹೇಳಿಬಿಡಲಿ ಅನ್ನಿಸಿತು.

ಮಾವ ಬಹಳ ಹೊತ್ತು ನೋಡಿದರು. ಹೆಬ್ಬೆರಳು ಸರಿಸಿ ಆ ಜಾಗದ ಮೇಲೆ ಇಟ್ಟರು. ತಲೆ ಎತ್ತಿದರು.

"ನೆಟ್ಟಗಿದೆ."

ಎಲ್ಲರೂ ಒಂದೇ ದನಿಯಲ್ಲಿ ಹೋ ಅಂದರು. ಡೋಲು ಬಾರಿಸಿದರು. ಮೆಲಾನಿ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟಳು, ಅಳುತ್ತಿದ್ದಳು. ಪಿತ್ತಜನಕಾಂಗ ಸುಟ್ಟು ಮೊದಲ ತುಂಡು ನನಗೆ ಕೊಟ್ಟರು. ತಿಂದೆ.

ಊಟಕ್ಕೆ ಮೊದಲು ಮಾವ ಕೈ ತೊಳೆಯಲು ಹಿಂದಕ್ಕೆ ಬಂದರು. ಚೊಂಬು ಹಿಡಿದು ನೀರು ಹಾಕಿದೆ. ರಕ್ತ ಹೋದ ಮೇಲೂ ತೊಳೆಯುತ್ತಲೇ ಇದ್ದರು. ಮುಖ ನೋಡದೆ ಮಾತಾಡಿದರು.

"ಆ ಸಿಂಗಪುರದವ್ರು ಬಂದ ದಿನಾನೇ ಗೊತ್ತಾಯ್ತು. ಕಾಫಿಗೆ ಬಂದವ್ರು ಹೆಜ್ಜೆ ಹಾಕಿ ನೆಲ ಅಳೆಯಲ್ಲ."

ಮಾವ ಅಂದೆ. ಇನ್ನೊಂದು ಚೊಂಬು ನೀರು ಹಾಕಿದೆ.

"ಹಿರಿಯರ ಮುಂದೆ ನಾನು ಯಾವತ್ತೂ ಸುಳ್ಳು ಹೇಳಿದವನಲ್ಲ ಅಳಿಯ. ಇವತ್ತು ಹೇಳ್ದೆ. ನಿನ್ನ ಹೆಂಡ್ತಿ, ಕೂಸು ನನ್ನ ಬಾಯಿ ನೋಡ್ಕೊಂಡು ಕೂತಿದ್ವು. ಎಲ್ರೆದುರು ನನ್ನ ಕೈಲಿ ಆಗ್ಲಿಲ್ಲ." ಕೈ ಪಂಚೆಗೆ ಒರೆಸಿಕೊಂಡರು. "ಬೆಳಿಗ್ಗೆ ಎಲ್ರೂ ಕಾಫಿಗೆ ಇರ್ತಾರೆ."

ಅಷ್ಟೇ ಹೇಳಿ ಒಳಗೆ ಹೋದರು. ಜನರ ನಡುವೆ ಕೂತು ಹಾಡಿದರು ಕೂಡ. ಬರೀ ನೆಲ ಕಳೆದಿದ್ದರೆ ನಾನು ಇವರಿಗೆ ಇಷ್ಟು ಕೇಡು ಮಾಡಿದಂತಾಗುತ್ತಿರಲಿಲ್ಲ. ಈಗ ಅವರ ಬಾಯನ್ನೂ ಹೊಲಸು ಮಾಡಿದೆ. ನಾನು ಹೇಳದಿದ್ದರೆ ಆ ಸುಳ್ಳು ಅವರ ಹೆಸರಿನಲ್ಲೇ ಉಳಿಯುತ್ತದೆ.

ಆಗಸ್ಟ್ 10, ಬೆಳಿಗ್ಗೆ

ಮೆಲಾನಿಗೆ ಮೊದಲು ಹೇಳಿದೆ. ಕತ್ತಲಿದ್ದಾಗಲೇ ಎಬ್ಬಿಸಿ. ಲೀಸ್, ಡೆಸ್ಮಂಡ್, ಬೋನಸ್, ಶೆಡ್ಡು ಅಂದದ್ದು, ನಿನ್ನೆಯ ಹುಂಜ. ಒಂದೂ ಬಿಡಲಿಲ್ಲ. ಕೂಗಾಡುತ್ತಾಳೆ ಅಂದುಕೊಂಡೆ. "ಒಲೆ ಜಾಗ ತೋರಿಸ್ದಾಗ ನಿಂಗೆ ಗೊತ್ತಿತ್ತಾ?" ಅಂತ ಒಂದೇ ಕೇಳಿದಳು. ಗೊತ್ತಿತ್ತು ಅಂದೆ. ಎದ್ದು ಹೋದಳು. ಈಗ ಕಿಟಕಿಯ ಪರದೆ ಬಿಚ್ಚಿ ಮಡಿಸುತ್ತಿದ್ದಾಳೆ. ಮಗಳು ಯಾಕೆ ಅಂತ ಕೇಳುತ್ತಿದ್ದಾಳೆ.

ಡೆಸ್ಮಂಡ್‌ಗೂ ಬರೆದೆ, ಲೀಸ್ ಬಿಟ್ಟುಕೊಡಿ ಅಂತ. ಬಾಸ್ ಏನನ್ನುತ್ತಾರೆ ಗೊತ್ತು. ಡೆಸ್ಮಂಡ್ ಒಪ್ಪುತ್ತಾರೋ ಗೊತ್ತಿಲ್ಲ. ಒಪ್ಪದಿದ್ದರೆ ಮೂವತ್ತು ವರ್ಷ ಈ ಇಳಿಜಾರು ಇವರದ್ದಲ್ಲ, ನನ್ನದೂ ಅಲ್ಲ. ಅದನ್ನೂ ಹೇಳಬೇಕು.

ಜಗಲಿಯಲ್ಲಿ ಎಲ್ಲರೂ ಇದ್ದಾರೆ. ತಗಡು ಕೊಟ್ಟವರು, ಕಂಬ ನೆಟ್ಟವರು. ನಿನ್ನೆಯ ಹಾಡಿಗೆ ಗಂಟಲು ಕಟ್ಟಿದೆ ಅಂತ ಒಬ್ಬರನ್ನೊಬ್ಬರು ರೇಗಿಸುತ್ತಿದ್ದಾರೆ. ಫಾನಿ ಕಾಫಿ ಹಂಚುತ್ತಿದ್ದಾಳೆ. ಮಾವ ಬೆನ್ನು ತಿರುಗಿಸಿ ಕೂತಿದ್ದಾರೆ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಚಾಪೆ ಬಿಟ್ಟು.

ಎಲ್ಲಿಂದ ಶುರು ಮಾಡಲಿ? ಏರ್‌ಪೋರ್ಟಿನಿಂದಲೇ, ಬಾಸ್‌ನಿಂದಲೇ? ಬೇಡ. ಅವರನ್ನೆಲ್ಲ ಮುಂದೆ ಮಾಡಿ ಹಿಂದೆ ನಿಲ್ಲುವುದು ಬೇಡ. ನರ ಡೊಂಕಾಗಿತ್ತು ಅಂತ ಮೊದಲು ಹೇಳಬೇಕು, ಮಾವ ನನಗೋಸ್ಕರ —

ಕರೆಯುತ್ತಿದ್ದಾರೆ. "ಬಾರಪ್ಪ ಅಳಿಯ, ಕಾಫಿ ಆರ್ತಾ ಇದೆ."

ಹೋಗುತ್ತೇನೆ. ನಿಂತುಕೊಂಡೇ ಹೇಳುತ್ತೇನೆ. ಮೊದಲು ನರದ ಮಾತು.